ಗೋಡೆಗೆ ನೇತುಹಾಕಿದ ಕೊಳ

ಕಾರ್ತಿಕದ ಮೊದಲ ಸೋಮವಾರ ದಾಕ್ಷಾಯಣಮ್ಮನವರ ವಚನಗಾಯನ ಲೋಕಲ್ ಕೇಬಲ್ಲಿನಲ್ಲಿ ಬರುತ್ತದೆಂದು ಸ್ಟುಡಿಯೋದ ಮಹದೇವಪ್ರಸಾದ್ ಅಗ್ರಹಾರದ ತುಂಬ ಸಾರಿಬಿಟ್ಟಿದ್ದ. ಹಾಡಿನ ಕ್ಯಾಸೆಟ್ಟು ಮಾತ್ರ ಇನ್ನೂ ಆಕೆಯ ಕೈಚೀಲದಲ್ಲೇ ಇತ್ತು. ಹಾಡಿಗೆ ಮುಂಚೆ ಬರುವ ಚಿತ್ರವನ್ನು ಮೊದಲು ತಾವು ನೋಡಬೇಕು, ಮನಸ್ಸಿಗೆ ಬಂದರೆ ಕ್ಯಾಸೆಟ್ಟು, ಇಲ್ಲದಿದ್ದರೆ ಅದು ಚೀಲದಲ್ಲೇ ಮನೆಗೆ ವಾಪಸು ಎಂದು ಅವರು ಹೇಳಿಯಾಗಿತ್ತು.

ಚಿತ್ರ ಮಾಡಿದವನು ಅವರ ತಮ್ಮನ ಮಗ ವಿಶ್ವನಾಥ. ಮದುವೆ ವೀಡಿಯೋಗಳಲ್ಲಿ ಗಂಡುಹೆಣ್ಣನ್ನು ಹಾರುವ ಹೂವಿನೊಳಗೆ ಕೂರಿಸುವುದು ಅವನ ನಿತ್ಯದ ಕಸುಬು. ಅತ್ತೆ ಅದನ್ನು ಕೆಲಸವೆಂದು ಒಪ್ಪಿದವರೇ ಅಲ್ಲ. ನಮ್ಮ ವಿಶ್ವ ಅಂಗಡಿಯಲ್ಲಿ ಟೀವಿ ನೋಡಿಕೊಂಡಿರುತ್ತಾನೆ ಎಂದೇ ನೆಂಟರಿಗೆಲ್ಲ ಹೇಳುತ್ತಿದ್ದರು. ಈ ಸಲವಾದರೂ ಆ ಬಾಯಿಂದ ಬೇರೆ ಮಾತು ಬರಲಿ ಎಂದು ಅವನು ವಾರದಿಂದ ಕಂಪ್ಯೂಟರ್ ಬಿಟ್ಟು ಎದ್ದಿರಲಿಲ್ಲ.

ಸ್ಟುಡಿಯೋದ ಪರದೆಯ ಮೇಲೆ ಆಚೆ ದಡದಲ್ಲಿ ದೇವಸ್ಥಾನ, ಈಚೆಗೆ ಕೊಳ, ಕೊಳದಲ್ಲಿ ಗೋಪುರದ ನೆರಳು. ಒಂದು ಹೂವು ಬೀಳುತ್ತದೆ, ಅಲೆ ಎದ್ದು ನೆರಳು ಕಲಕುತ್ತದೆ. ದಾಕ್ಷಾಯಣಮ್ಮ ಕನ್ನಡಕ ಒರೆಸಿಕೊಂಡು ಎರಡನೆಯ ಸಲವೂ ನೋಡಿದರು.

"ಚೆನ್ನಾಗಿದೆ ಕಣೋ. ಆದ್ರೆ ಕೊಳನ ಯಾಕೆ ಗೋಡೆಗೆ ನೇತಾಕಿದೀಯಾ?"

ಪ್ರಸಾದ್ ನಗು ತಡೆಯಲು ಆ ಕಡೆ ತಿರುಗಿ ಕೆಮ್ಮಿದ. ಅಲೆಯ ಎಫೆಕ್ಟ್ ಎಷ್ಟು ಹೊಸದು, ನೀರು ಹೇಗೆ ಅಲ್ಲಾಡುತ್ತಿದೆ ಎಂದು ವಿಶ್ವನಾಥ ವಿವರಿಸತೊಡಗಿದ.

"ಅಲ್ಲಾಡ್ತಿಲ್ಲ ಅಂದೋರ್ಯಾರು? ನೆಟ್ಟಗೆ ನಿಂತ್ಕೊಂಡು ಅಲ್ಲಾಡ್ತಿದೆ."

ವಿಭೂತಿ ತರಬೇಕು, ಬರುವಷ್ಟರಲ್ಲಿ ಆ ನೀರನ್ನು ಮಲಗಿಸಿರು ಎಂದು ಹೇಳಿ ಅವರು ಚೀಲದ ಸಮೇತ ಹೊರಟುಹೋದರು.

ವಿಶ್ವನಾಥ ಮತ್ತೆ ನೋಡಿದ. ಅಲೆಗಳು ದೋಸೆಯ ಹಾಗೆ ಗುಂಡಗಿದ್ದವು, ಯಾರೋ ನೆತ್ತಿಯ ಮೇಲಿಂದ ಬಗ್ಗಿ ನೋಡಿದಂತೆ. ಅವನೇನು ನೀರನ್ನು ಹಾಗೆ ನೋಡಿ ಬೆಳೆದವನೇ? ಹಾಡಲು ಕೂರುವ ಮುಂಚೆ ಅತ್ತೆ ತಮ್ಮ ಮುಂದೆ ಕಂಚಿನ ಅಗಲ ಬಟ್ಟಲಲ್ಲಿ ನೀರಿಡುತ್ತಿದ್ದರು. ಕೊನೆಗೆ ಎಲ್ಲರ ಕೈಗೂ ಅದರದೇ ಒಂದೊಂದು ಗುಟುಕು. ಚಿಕ್ಕಂದಿನಲ್ಲಿ ಅವನ ಜಾಗ ಅದರ ಎದುರಿಗೇ. ಮಂಡಿಗೆ ಗಲ್ಲ ಊರಿ ಕೂತು ಕೇಳುತ್ತಿದ್ದ. ಅತ್ತೆಯ ತಾಳದ ಕೈ ನೆಲಕ್ಕೆ ಬಿದ್ದಾಗಲೆಲ್ಲ ನೀರು ನಡುಗುತ್ತಿತ್ತು. ಆಚೆ ಅಂಚಿನ ಅಲೆ ಎಳೆಯಷ್ಟು ಸಣ್ಣ, ಒತ್ತೊತ್ತು. ಈಚೆಯದು ಅಗಲ, ನಿಧಾನ. ಯಾವುದೂ ಗುಂಡಗಿರಲಿಲ್ಲ.

ಅಲೆಯನ್ನು ನೆರಳಿನ ಮೇಲೆ ನೇರವಾಗಿ ಹಚ್ಚಿದ್ದನ್ನು ಅಳಿಸಿದ. ಅಲೆಗೆಂದು ಕಪ್ಪುಬಿಳುಪಿನ ಉಂಗುರಗಳನ್ನು ಬೇರೆ ಲೇಯರಿನಲ್ಲಿ, ಚಿತ್ರದ ಇನ್ನೊಂದು ಪದರದಲ್ಲಿ, ಮಾಡಿ, ಅದನ್ನು ಚಾಪೆ ಹಾಸಿದಂತೆ ನೆಲಕ್ಕೆ ಮಲಗಿಸಿ, ಕಂಪ್ಯೂಟರಿನೊಳಗಿನ ಕ್ಯಾಮೆರಾವನ್ನು ಕೂತ ಹುಡುಗನ ಕಣ್ಣಿನೆತ್ತರಕ್ಕೆ ಇಳಿಸಿದ. ಉಂಗುರಗಳು ತಾವಾಗಿಯೇ ಚಪ್ಪಟೆಯಾದವು. ಬಿಳುಪಿದ್ದ ಕಡೆ ನೆರಳು ಒಂದು ಪಕ್ಕಕ್ಕೆ ಸರಿಯಬೇಕು, ಕಪ್ಪಿದ್ದ ಕಡೆ ಇನ್ನೊಂದು ಪಕ್ಕಕ್ಕೆ ಎಂದು ಕಂಪ್ಯೂಟರಿಗೆ ಹೇಳಿಕೊಟ್ಟ. ಮೊದಲ ಸಲ ದಡದ ದೇವಸ್ಥಾನವೂ ಜೊತೆಗೆ ಕುಣಿಯಿತು. ಶಿವನಿಗೂ ಬಿಡುವಿಲ್ಲದ ಹಾಗೆ ಮಾಡಿದೆಯಲ್ಲೋ ಎಂದು ಪ್ರಸಾದ್ ಕಿಚಾಯಿಸಿದ ಮೇಲೆ ಅದನ್ನು ಅಲೆಯಿಂದ ಬೇರ್ಪಡಿಸಿದ.

ಅತ್ತೆ ವಿಭೂತಿ ತಂದು, ಕುರ್ಚಿಯಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಹೂವು ಬಿತ್ತು. ದೂರದಲ್ಲಿ ಎದ್ದ ಸಣ್ಣ ಅಲೆ ಬರುಬರುತ್ತ ಅಗಲವಾಗಿ, ಗೋಪುರದ ನೆರಳನ್ನು ಮಡಿಸಿ ಬಿಡಿಸಿ, ಪರದೆಯ ಕೆಳ ಅಂಚಿನವರೆಗೂ ಬಂತು.

ದಾಕ್ಷಾಯಣಮ್ಮನವರ ಕೈ ಸೀರೆಯ ನೆರಿಗೆಯನ್ನು ಮೆಲ್ಲಗೆ ಮೇಲಕ್ಕೆತ್ತಿತು. ಪಾದಗಳು ಕುರ್ಚಿಯ ಕೆಳಗೆ ಸರಿದವು.

"ಏನಾಯ್ತು ಅತ್ತೆ?"

"ಸೊಳ್ಳೆ ಕಣೋ," ಎಂದು ಅವರು ನೆರಿಗೆ ಬಿಟ್ಟರು. ಚೀಲಕ್ಕೆ ಕೈಹಾಕಿ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ಎದ್ದರು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಪ್ರಸಾದನ ಕಡೆ ತಿರುಗಿದರು.

"ಒಂದು ಸೊಳ್ಳೆಬತ್ತಿನಾದ್ರೂ ಹಚ್ಚಿಡಪ್ಪ. ಕೆಲಸ ಮಾಡೋ ಹುಡುಗನ್ನ ಹಿಂಗೆ ಕಚ್ಚಿಸಿದ್ರೆ ಹೆಂಗೆ?"