ಯಜಮಾನನ ಹೆಸರು

"ಯೆಸ್ರು ಏಳಿದ್ರೆ ನಿನ್ ನಾಲ್ಗೆ ಸವುದೋಯ್ತಿತ್ತಾ?"

ಪುಟ್ಟಸಿದ್ದಯ್ಯ ಚೊಂಬನ್ನು ನೆಲಕ್ಕೆ ಕುಕ್ಕಿದ. ನೀರು ಚೆಲ್ಲಿ ಹೊಸಿಲವರೆಗೂ ಹರಿಯಿತು. "ಊರೋರೆಲ್ಲ ಸೇರ್ಕಂಡು ಮಾಡಿದ್ ಮಾತು. ಕತ್ಲಾದ ಮ್ಯಾಲೆ ಬಾಗ್ಲು ತಟ್ಟಿದೋರು ಮನೆ ಯಜಮಾನ್ನ ಯೆಸ್ರು ಏಳ್ಬೇಕು. ಚಿಕ್ ಚಿಕ್ ಐಕಳೂ ಏಳ್ತವೆ. ನಿಂಗೊಬ್ಳಿಗೆ ಏನಾಗಿತ್ತು ರೋಗ?"

ಗೋಡೆಗೆ ಒರಗಿ ಕುಳಿತಿದ್ದ ಚಿಕ್ಕನಿಂಗಮ್ಮ ತಲೆ ಎತ್ತಲಿಲ್ಲ. ಕೊಳ್ಳೇಗಾಲದ ಆಸ್ಪತ್ರೆಯಿಂದ ಬಂದಾಗಿನಿಂದ ಅವಳು ಹೀಗೇ ಕೂರುತ್ತಿದ್ದಳು, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು. ಹೊಟ್ಟೆಯಲ್ಲಿ ಈಗ ಏನೂ ಇರಲಿಲ್ಲ. ಕೈಗೆ ಅದು ಇನ್ನೂ ಗೊತ್ತಾಗಿರಲಿಲ್ಲ.

"ನಿಮ್ ಯೆಸ್ರ ನಾನ್ ಎಂಗೆ ಏಳ್ಲಿ?" ಅಂದಳು. "ಏಳಿದ್ರೆ ಗಂಡನ ಆಯಸ್ಸು ಕಳೀತದೆ ಅಂತ ಅತ್ತೇನೇ ಅಲ್ವಾ ಏಳ್ಕೊಟ್ಟಿದ್ದು?"

"ನನ್ನ್ಯಾಕವ್ವ ಎಳೀತೀಯೆ ಮದ್ಯಕ್ಕೆ?" ಒಲೆಯ ಮುಂದಿನಿಂದ ಗುರುಸಿದ್ದಮ್ಮ ಸಿಡುಕಿದಳು. "ಅದು ಅಗಲೊತ್ತಿನ ಮಾತು. ಕಳ್ಳರು ತಿರುಗೋ ಕಾಲ್ದಲ್ಲಿ ಯಾರಾರಾ ಅದ್ನ ಇಡ್ಕಂಡು ಕುಂತಾರಾ?"

ಗಾಳಿಗೆ ಕೆರೆ ಏರಿಯ ಮೇಲಿನ ಕಂಬ ಉರುಳಿ ಅಗರದ ಕರೆಂಟು ಹೋಗಿತ್ತು. ಕಂಬ ಎತ್ತುವವರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಅನ್ನುವುದೇ ಆಗಿತ್ತು. ಊರಿಗೆ ಕರೆಂಟು ಬಂದು ಇನ್ನೂ ಎರಡು ವರ್ಷವಾಗಿರಲಿಲ್ಲ. ಅಷ್ಟರಲ್ಲೇ ಜನ, ಹುಟ್ಟಿದಾಗಿನಿಂದ ನೋಡಿದ್ದ ಕತ್ತಲಿಗೆ ಹೆದರುವುದನ್ನು ಹೊಸದಾಗಿ ಕಲಿತಿದ್ದರು. ಧನಗೆರೆ ಕಡೆ ಒಂದು ಮನೆಗೆ ಕಳ್ಳರು ನುಗ್ಗಿದರಂತೆ. ಹೆಂಗಸೊಬ್ಬಳನ್ನು ಮುಂದೆ ಬಿಟ್ಟು, "ನಾನು ಕಣಕ್ಕ, ಬಾಗ್ಲು ತಗಿ" ಅನ್ನಿಸಿ, ತೆಗೆದ ಕೂಡಲೇ ಒಳಗಿದ್ದವರ ಬಾಯಿಗೆ ಬಟ್ಟೆ ತುರುಕಿದರಂತೆ. ನಿಜವೋ ಸುಳ್ಳೋ ಯಾರೂ ಧನಗೆರೆಗೆ ಹೋಗಿ ಕೇಳಲಿಲ್ಲ. ಅಗರದ ಗಂಡಸರು ಅರಳಿಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡಿದರು. "ನಾನು" ಅಂದರೆ ಬಾಗಿಲು ತೆಗೆಯಕೂಡದು. ಯಜಮಾನನ ಹೆಸರು ಹೇಳಿದರೆ ಮಾತ್ರ ತೆಗೆಯುವುದು. ಪರ ಊರ ಕಳ್ಳನಿಗೆ ಹೆಸರೆಲ್ಲಿ ಗೊತ್ತಿರುತ್ತದೆ?

ಕಟ್ಟೆಯ ಮೇಲೆ ಒಬ್ಬ ಹೆಂಗಸೂ ಇರಲಿಲ್ಲ. ಇದ್ದಿದ್ದರೆ ಆ ತೀರ್ಮಾನದ ಮುಖಕ್ಕೆ ಉಗಿಯುತ್ತಿದ್ದಳು. ಊರಿನ ಹೆಂಗಸರು ಬೇರೆ ದಾರಿ ಕಂಡುಕೊಂಡರು. ಕತ್ತಲಲ್ಲಿ ಹೊರಗೆ ಹೋಗಬೇಕಾದರೆ ಜತೆಗೆ ಒಂದು ಮಗುವನ್ನು ಕರೆದುಕೊಂಡು ಹೋಗುತ್ತಿದ್ದರು. ಬಾಗಿಲಲ್ಲಿ ನಿಂತು ಅಪ್ಪನ ಹೆಸರನ್ನು ಮಗು ಕೂಗಿ ಹೇಳುತ್ತಿತ್ತು. ಚಿಕ್ಕನಿಂಗಮ್ಮನ ಮಗು ಇನ್ನೂ ಹೊಟ್ಟೆಯಲ್ಲಿತ್ತು.

ಅವಳು ಆಸ್ಪತ್ರೆ ಸೇರಿದ ಆ ಸಂಜೆ ಎಣ್ಣೆ ಮುಗಿದು ದೀಪ ಚಟಪಟ ಅಂದಿತು. ಗುರುಸಿದ್ದಮ್ಮ ಕೊಟ್ಟಿಗೆಯಲ್ಲಿ ಹಸು ಕಟ್ಟುತ್ತಿದ್ದಳು. ಚಿಕ್ಕನಿಂಗಮ್ಮ ಸೀಮೆಎಣ್ಣೆ ಶೀಷೆ ಹಿಡಿದು ಪಕ್ಕದ ಮನೆಯ ದೊಡ್ಡಬಸಮ್ಮನ ಹತ್ತಿರ ಹೋದಳು. ಅಷ್ಟರಲ್ಲಿ ಪುಟ್ಟಸಿದ್ದಯ್ಯ ಗದ್ದೆಯಿಂದ ಬಂದು ಹಿತ್ತಿಲ ಬಾಗಿಲಿಂದ ಒಳಗೆ ಬಂದ. ನಡುಮನೆಯ ಕತ್ತಲಲ್ಲಿ ಕಂಬಳಿ ಗುಡ್ಡೆಯಾಗಿ ಬಿದ್ದಿತ್ತು. ಹೆಂಡತಿ ಮಲಗಿದ್ದಾಳೆ ಅಂದುಕೊಂಡು ಮುಂಬಾಗಿಲಿಗೆ ಅಡ್ಡಲಾಗಿ ಮರದ ಅಗುಳಿ ಹಾಕಿದ.

ಸ್ವಲ್ಪ ಹೊತ್ತಿಗೆ ಬಾಗಿಲು ಅಲುಗಿತು. ಹೊರಗೆ ಗಾಳಿ ಭೋರೆನ್ನುತ್ತಿತ್ತು.

"ಯಾರು?"

"ನಾನು."

ಯಾವಳೋ ಹೆಂಗಸು. ಗಾಳಿಯಲ್ಲಿ ದನಿಯ ಗುರುತು ಹತ್ತಲಿಲ್ಲ; ಧನಗೆರೆಯ ಮಾತು ನೆನಪಾಯಿತು.

"ನಾನು ಅಂದ್ರೆ ಯಾರು? ಯಜಮಾನ್ನ ಯೆಸ್ರು ಏಳು."

ಆಚೆ ಮಾತಿಲ್ಲ. ಮದುವೆಯಾಗಿ ಬಂದ ದಿನ ಇದೇ ಹೊಸಿಲಲ್ಲಿ ಹೆಣ್ಣುಮಕ್ಕಳು ಚಿಕ್ಕನಿಂಗಮ್ಮನನ್ನು ಅಡ್ಡಗಟ್ಟಿ, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಅಂತ ಕಾಡಿಸಿದ್ದರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತೇ ಇದ್ದಳು. ಕೊನೆಗೆ ಅವನೇ ನಗುತ್ತಾ, "ಬುಡ್ರವ್ವ, ಕಾಲ್ ನೋಯ್ತವೆ ಅವ್ಳಿಗೆ" ಅಂದಿದ್ದ. ಈ ಸಲವೂ ಅವಳು ಸುಮ್ಮನೆ ನಿಂತಳು.

ಪುಟ್ಟಸಿದ್ದಯ್ಯ ಮೂಲೆಯಲ್ಲಿದ್ದ ಒನಕೆ ಎತ್ತಿಕೊಂಡ. ಅಗುಳಿ ತೆಗೆದು, ಬಾಗಿಲು ಎಳೆದು, ಕತ್ತಲಿಗೆ ಬೀಸಿದ.

ಶೀಷೆ ಒಡೆದು ಸೀಮೆಎಣ್ಣೆಯ ವಾಸನೆ ಎದ್ದಾಗ ಅವನಿಗೆ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆ, ಮೆಟ್ಟಿಲಿಂದ ಜಾರಿದಳು ಅಂದ. ಕೂಸನ್ನು ತಾನೇ ಹೊಲದ ಬದುವಿನಲ್ಲಿ ಮಣ್ಣು ಮಾಡಿ, ಕೈಕಾಲು ತೊಳೆದುಕೊಂಡು, ಯಾರ ಎದುರೂ ಅಳದೆ ಮನೆಗೆ ಬಂದ. ಊರಿಗೂ ಅದೇ ಮಾತು ಹೇಳಿದ. ಹೇಳಿ ಹೇಳಿ ಅವನಿಗೇ ಅರ್ಧ ನಂಬಿಕೆಯಾಗಿತ್ತು. ನಂಬಿಕೆಯಾಗದ ಇನ್ನರ್ಧಕ್ಕೆ ಹೀಗೆ ದಿನಾ ಹೆಂಡತಿಯ ಮೇಲೆ ರೇಗುತ್ತಿದ್ದ.

"ನಿಮ್ಮಣ್ಣ ಬತ್ತಾವ್ನೆ," ಕಿಟಕಿಯಲ್ಲಿ ನೋಡಿ ಗುರುಸಿದ್ದಮ್ಮ ಅಂದಳು.

ಪುಟ್ಟಸಿದ್ದಯ್ಯನ ದನಿ ಇಳಿಯಿತು. "ಜಾರಿ ಬಿದ್ದೆ ಅಂತ್ಲೇ ಏಳು. ತಿಳೀತಾ?"

"ಅವನೊಬ್ಬನ ಮುಂದಾದ್ರೂ ನಾನೇ ಒಡ್ದೆ ಅನ್ನಿ," ಚಿಕ್ಕನಿಂಗಮ್ಮ ಅಂದಳು. "ನಂಗಿನ್ನೇನೂ ಬ್ಯಾಡ. ಅಷ್ಟು ಅಂದ್ಬುಡಿ, ಇಲ್ಲೇ ಬಿದ್ದಿರ್ತೀನಿ."

ಅವನು ಬಾಗಿಲ ಕಡೆ ತಿರುಗಿದ. ಅವಳ ಅಣ್ಣ ಕೆಂಚಯ್ಯ ಒಳಗೆ ಬಂದ. ಹನೂರಿನ ಆಚೆಯ ಊರಿಂದ ಎರಡು ಬಸ್ಸು ಹತ್ತಿ ಬಂದಿದ್ದ, ಹೆಗಲ ಮೇಲೆ ಧೂಳು ಕೂತ ಟವೆಲ್ಲು.

"ಏನ್ ಭಾವ, ಬೀದಿ ತುದೀಗಂಟ ಕೇಳ್ತದೆ ನಿನ್ ಕಂಠ. ಕಳ್ರು ನಿನ್ ಗಂಟ್ಲಿಗೇ ಎದ್ರಿ ಓಡೋಯ್ತಾರೆ ಬುಡು," ಅಂದ. ಅವನು ತಂಗಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಎಂಗವ್ವ ಬಿದ್ದೆ?"

"ಅವ್ರನ್ನೇ ಕೇಳಣ್ಣ."

ಕೆಂಚಯ್ಯ ತಿರುಗಿದ. ಪುಟ್ಟಸಿದ್ದಯ್ಯ ಚೆಲ್ಲಿದ ನೀರನ್ನು ನೋಡುತ್ತಿದ್ದ. ಇನ್ನೇನು ಹೇಳಿಬಿಡುತ್ತಾನೆ ಅನ್ನುವ ಹಾಗೆ ಬಾಯಿ ತೆರೆದ.

"ಕತ್ಲು ನೋಡು," ಅಂದ. "ಜಾರ್ಬುಟ್ಲು."

"ಇನ್ನೊಂದ್ಸಲ ಏಳಿ," ಚಿಕ್ಕನಿಂಗಮ್ಮ ಅಂದಳು.

"ಜಾರ್ಬುಟ್ಲು ಅಂದ್ನಲ್ಲ! ಎಷ್ಟ್ ಸಲ ಏಳ್ಬೇಕು?"

ಅವಳು ಗೋಡೆ ಹಿಡಿದು ಎದ್ದಳು. ಗೂಟದಲ್ಲಿದ್ದ ಚೀಲಕ್ಕೆ ಎರಡು ಸೀರೆ ತುರುಕಿಕೊಂಡಳು. ಕೂಸಿಗೆಂದು ಹಳೇ ಸೀರೆಯಲ್ಲಿ ಹೊಲಿದಿದ್ದ ಕುಲಾವಿಯನ್ನು ಕೈಗೆತ್ತಿಕೊಂಡು, ನೋಡಿ, ಅಲ್ಲೇ ಬಿಟ್ಟಳು. ಹೊಸಿಲು ದಾಟಿ ಆಚೆ ನಿಂತು ಹಿಂದಕ್ಕೆ ತಿರುಗಿದಳು.

"ಅಣ್ಣ, ನಾನ್ ಜಾರ್ಲಿಲ್ಲ. ಒಡುದ್ರು. ಒಡುದೋರ ಯೆಸ್ರು ಪುಟ್ಟಸಿದ್ದಯ್ಯ."

ಸಂತೆಯಲ್ಲಿ ಸೊಪ್ಪಿನ ಹೆಸರು ಹೇಳುವ ಹಾಗೆ ಹೇಳಿದಳು. ಗುರುಸಿದ್ದಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕೆಂಚಯ್ಯ ಎದ್ದು ಒಂದು ಹೆಜ್ಜೆ ಮುಂದಿಟ್ಟ.

"ಬ್ಯಾಡ ಬಾ ಅಣ್ಣ. ಬಸ್ಸು ಒಂಟೋಯ್ತದೆ."

ಪುಟ್ಟಸಿದ್ದಯ್ಯ ನಿಂತಲ್ಲೇ ನಿಂತಿದ್ದ. ಅವನ ಹೆಸರು ಅವಳ ಬಾಯಲ್ಲಿ ಹೇಗಿರುತ್ತದೆ ಅಂತ ಇಷ್ಟು ವರ್ಷವೂ ಅವನಿಗೆ ಗೊತ್ತಿರಲಿಲ್ಲ. ಅಣ್ಣ ತಂಗಿ ಕೆರೆ ಏರಿಯ ತಿರುವಿನಲ್ಲಿ ಮರೆಯಾದರು. ಅವಳು ಮತ್ತೆ ಆ ಮನೆಗೆ ಬರಲಿಲ್ಲ.

ಆಮೇಲೆ ಒಂದು ದಿನ ಕಂಬ ಎತ್ತಿದರು. ಹೊತ್ತು ಮುಳುಗಿದ ಮೇಲೆ ಬೀದಿಯಲ್ಲಿ ಐಕಳು "ಬಂತೂ" ಅಂತ ಕಿರುಚಿದವು. ನಡುಮನೆಯ ಬಲ್ಬಿನ ಬೆಳಕು ಬಾಗಿಲಾಚೆ ಮೆಟ್ಟಿಲವರೆಗೂ ಬಿತ್ತು. ಕಲ್ಲಿನ ಸಂದಿನಲ್ಲಿ ಗಾಜಿನ ಚೂರೊಂದು ಹೊಳೆಯಿತು.

"ಅಗುಳಿ ಆಕ್ಲಾ ಮಗ, ಕತ್ಲಾಯ್ತು," ಒಳಗಿನಿಂದ ಗುರುಸಿದ್ದಮ್ಮ ಕೂಗಿದಳು.

ಅವನು ಅಗುಳಿಯನ್ನು ತೊಡೆಯ ಮೇಲಿಟ್ಟುಕೊಂಡು, ತೆರೆದ ಬಾಗಿಲಲ್ಲಿ ಕೂತಿದ್ದ. ಬೀದಿಯಲ್ಲಿ ಯಾರದೋ ಹೆಜ್ಜೆ ಸದ್ದಾಯಿತು. ಯಾರು ಅಂತ ಅವನು ಕೇಳಲಿಲ್ಲ. ಅವಳೇ ಬಂದಳೇನೋ ಅಂತ ಅರ್ಧ ಎದ್ದ. ಹೆಜ್ಜೆಗಳು ಮನೆ ದಾಟಿ ಮುಂದಕ್ಕೆ ಹೋದವು.