ಚಕ್ರ ಬರುವ ಮುಂಚಿನ ಮೂರು ವರ್ಷ

ಎಗ್ಗರ್ಸ್‌ಬೆಕ್ ಎಂಬ ಜರ್ಮನ್ ಕಂಪನಿ ಬಿತ್ತನೆಯ ಯಂತ್ರ ಮಾಡುತ್ತಿತ್ತು. 1984ಕ್ಕೆ ಅದಕ್ಕೆ ನೂರು ತುಂಬಿತು. ಅಮೆರಿಕದ ಯೂನಿಯನ್ ಸಿಟಿಯಲ್ಲಿದ್ದ ಅದರ ಆಫೀಸಿನಲ್ಲಿ ನಾನು ಯಂತ್ರಗಳ ಕೈಪಿಡಿ ಬರೆಯುತ್ತಿದ್ದೆ. ಕೈಪಿಡಿಯಲ್ಲಿ ಬರೆದವರ ಹೆಸರಿರುವುದಿಲ್ಲ. ನಾಲ್ಕು ವರ್ಷ ಬರೆದರೂ ಇದು ನನ್ನದು ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಹಾಗಿರುವಾಗ ಮ್ಯಾನೇಜರು ಕರೆದು, ಕಂಪನಿಯ ಚರಿತ್ರೆ ನೀನೇ ಬರೆ, ಮೊದಲ ಪುಟದಲ್ಲಿ ನಿನ್ನ ಹೆಸರು ಹಾಕಿಸುತ್ತೇನೆ ಎಂದರು. ಅವತ್ತೇ ಮೈಸೂರಿಗೆ, ನಮ್ಮಪ್ಪನಿಗೆ ಕಾಗದ ಹಾಕಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮ ವಂಶದ ಗುಣ.

ಜರ್ಮನಿಯಿಂದ ಒಂದು ಪೆಟ್ಟಿಗೆ ತುಂಬ ಕಾಗದ ಬಂತು. ಅಲ್ಲಿಂದಲೇ ನನ್ನ ತಲೆ ಕೆಡಲು ಶುರುವಾಯಿತು.

ಕಂಪನಿಯ ಹೆಮ್ಮೆಯೆಲ್ಲ ಒಂದು ಹಲ್ಲಿನ ಚಕ್ರದ ಮೇಲೆ ನಿಂತಿತ್ತು. ಬೀಜವನ್ನು ಒಂದೊಂದಾಗಿ ಕೊಳವೆಗೆ ಬಿಡುವ ಚಕ್ರ ಅದು. 'ಮೊದಲ ದಿನದಿಂದಲೂ ಕೈ ಸೋಕದ ಬಿತ್ತನೆ' ಎಂಬುದು ಅವರು ನೂರು ವರ್ಷದಿಂದ ಹೇಳಿಕೊಂಡು ಬಂದ ಮಾತು. ಮೊದಲ ಯಂತ್ರ ಹೊಲಕ್ಕಿಳಿದ ಫೋಟೋದ ಹಿಂದೆ 1884 ಎಂದಿತ್ತು. ಚಕ್ರದ ಮೊದಲ ನಕಾಶೆಯ ಮೇಲೆ 1887 ಎಂದಿತ್ತು. ಆ ನಡುವೆ ಮೂವತ್ತೊಂದು ಯಂತ್ರ ಮಾರಿದ ಪಟ್ಟಿಯೂ ಇತ್ತು. ಚಕ್ರವೇ ಇಲ್ಲದ ಯಂತ್ರ ಮೂರು ವರ್ಷ ಬಿತ್ತಿದ್ದು ಹೇಗೆ? ಜರ್ಮನಿಗೆ ಟೆಲೆಕ್ಸ್ ಕಳಿಸಿದೆ. ಎರಡೂ ತಾರೀಖು ಸರಿ ಎಂದು ಉತ್ತರ ಬಂತು. ಸರಿಯಾದ ಎರಡು ಸಂಗತಿ ಸೇರಿ ಒಂದು ತಪ್ಪಾಗುವುದನ್ನು ನಾನು ಅದೇ ಮೊದಲು ನೋಡಿದ್ದು. ಎರಡಕ್ಕೂ 1884 ಅಂತಲೇ ಹಾಕಿ ಮುಗಿಸು, ಮುಂದಿನ ಶುಕ್ರವಾರ ಪ್ರೆಸ್ಸಿಗೆ ಹೋಗಬೇಕು ಎಂದರು ಮ್ಯಾನೇಜರು.

ಶನಿವಾರ ಎವರ್‌ಗ್ರೀನಿನ ನಮ್ಮ ಮನೆಯಲ್ಲಿ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡು ಕೂತಿದ್ದೆ. ನಮ್ಮತ್ತೆ, ಗಂಡನ ತಾಯಿ ಕಾಶವ್ವ, ನವಲಗುಂದದಿಂದ ಬಂದು ಎರಡು ತಿಂಗಳಾಗಿತ್ತು. ನನ್ನ ಮೈಸೂರು ಸಾರು ಅವರಿಗೆ ಸೇರದು, ಅವರ ಖಾರ ನನಗೆ ಸೇರದು, ಮಾತು ಅಷ್ಟಕ್ಕಷ್ಟೇ. ಮೆಂತ್ಯದ ಸೊಪ್ಪು ಬಿಡಿಸಲು ಜಾಗ ಬೇಕಾಗಿ ಅವರು ಆ 1884ರ ಫೋಟೋ ಎತ್ತಿದರು. ಎತ್ತಿದವರು ಕೆಳಗಿಡಲಿಲ್ಲ.

"ಈಕಿ ಯಾರು?"

ಕುದುರೆಯ ಪಕ್ಕ ಟೋಪಿ ಹಾಕಿಕೊಂಡು ನಿಂತವನು ಕಂಪನಿಯ ಸ್ಥಾಪಕ. ಯಂತ್ರದ ಹಿಂದೆ ಒಬ್ಬಳು ಹೆಂಗಸಿದ್ದಳು. "ಗೊತ್ತಿಲ್ಲ ಅತ್ತೆ. ಮನೆಯವರು ಯಾರೋ ಫೋಟೋಕ್ಕೆ ನಿಂತಿರ್ಬೇಕು."

"ಫೋಟೋಕ್ಕ ನಿಂತಾಕಿ ಫೋಟೋದವನ ಕಡೆ ನೋಡತಿರಲಿಲ್ಲೇನು? ಈಕಿ ಬೀಜ ಹಾಕೂ ಬಟ್ಟಲದಾಗ ನೋಡಾಕತ್ತಾಳ. ಉಡಿಯಾಗ ಬೀಜ ಅದಾವು. ಮುಷ್ಟಿ ನೋಡ, ಹೆಬ್ಬಟ್ಟ ಸಡಲ ಬಿಟ್ಟಾಳ. ಬೀಜ ಬಿಡಾಕತ್ತಾಳ ಈಕಿ. ನಮ್ಮ ಬಿತ್ತೂ ಕೂರಿಗಿ ಹಿಂದ ನಾನೂ ಹಿಂಗ ನಡೀತಿದ್ದೆ."

ಸೊಪ್ಪನ್ನು ಅಲ್ಲೇ ಬಿಟ್ಟು, ಸೆರಗನ್ನು ಉಡಿ ಮಾಡಿಕೊಂಡು, ಅಡಿಗೆಮನೆಯಿಂದ ಒಂದು ಹಿಡಿ ಜೋಳ ತಂದರು. ಕಾರ್ಪೆಟ್ಟಿನ ಮೇಲೆ ನಡೆಯುತ್ತ ಮುಷ್ಟಿಯಿಂದ ಜೋಳ ಬಿಟ್ಟರು. ಬಾಗಿ ನೋಡಿದೆ. ಕಾಳಿನಿಂದ ಕಾಳಿಗೆ ಅಂತರ ಒಂದೇ ಸಮ ಇತ್ತು. ಮೂರು ವರ್ಷ ಆ ಚಕ್ರದ ಜಾಗದಲ್ಲಿ ಇದ್ದದ್ದು ಒಂದು ಕೈ.

"ಊರಾಗ ಎಲ್ಲಾರೂ ನಿಮ್ಮ ಮಾವನ ಬಿತ್ತಿಗಿ ಅಂದ್ರ ಬಿತ್ತಿಗಿ ಅಂತಿದ್ರು," ಎಂದರು ಅತ್ತೆ. "ಅವರು ಎತ್ತು ಹೊಡೀತಿದ್ರು."

ಅಷ್ಟು ಹೇಳಿ ಮತ್ತೆ ಸೊಪ್ಪಿಗೆ ಕೂತರು.

ಸೋಮವಾರ ಫೋಟೋದ ಕೆಳಗೆ ಹೀಗೆ ಬರೆದೆ: 'ಚಕ್ರ ಇನ್ನೂ ಬಂದಿರಲಿಲ್ಲ. ಹಿಂದಿರುವ ಹೆಂಗಸು ಕೈಯಿಂದ ಬೀಜ ಬಿಡುತ್ತಿದ್ದಾಳೆ. ಅವಳ ಹೆಸರು ತಿಳಿದಿಲ್ಲ.' ಮ್ಯಾನೇಜರು ಓದಿ ಕೆಂಪಗಾದರು. ಇದಕ್ಕೆ ಆಧಾರ ಏನು ಎಂದರು. ನಮ್ಮತ್ತೆ ಎಂದೆ. ಹಾಗೆ ಹೇಳಬಾರದಿತ್ತು ಎಂದು ಹೇಳಿದ ಮೇಲೆ ಗೊತ್ತಾಯಿತು. ಎರಡು ತಾರೀಖುಗಳನ್ನು ಮುಂದಿಟ್ಟೆ. ಪಾಪ, ಅವರಿಗೂ ಬಗೆಹರಿಯಲಿಲ್ಲ. ಕೊನೆಗೆ, ಈ ಸಾಲು ತೆಗೆದರೆ ಮೊದಲ ಪುಟದಲ್ಲಿ ನಿನ್ನ ಹೆಸರು ಇರುತ್ತದೆ, ಸಾಲು ಇರಲೇಬೇಕೆಂದರೆ ಪುಸ್ತಕ ಆಫೀಸಿನ ಹೆಸರಿನಲ್ಲಿ ಹೋಗಲಿ, ಸಂಜೆಯೊಳಗೆ ಹೇಳು ಎಂದರು.

ಅಪ್ಪನಿಗೆ ಬರೆದ ಕಾಗದ ನೆನಪಾಯಿತು. ನೂರು ವರ್ಷದ ಹಿಂದೆ ಸತ್ತ ಯಾವಳೋ ನನಗೇನಾಗಬೇಕು ಎಂದುಕೊಂಡೆ. ಸಾಲು ಹೊಡೆದು ಹಾಕಲು ಎರಡು ಸಲ ಪೆನ್ನು ತೆಗೆದೆ. ಎರಡು ಸಲವೂ ಕಣ್ಣು ಆ ಮುಷ್ಟಿಯ ಮೇಲೆ ಹೋಯಿತು. ಸಂಜೆ ಹೋಗಿ, ಸಾಲು ಇರಲಿ ಎಂದೆ. ಹೇಳಿ ಹೊರಬಂದವಳು ಫ್ರೀವೇಯಲ್ಲಿ ಮನೆಗೆ ತಿರುಗುವ ದಾರಿ ಬಿಟ್ಟು ಎರಡು ಎಕ್ಸಿಟ್ ಮುಂದೆ ಹೋಗಿಬಿಟ್ಟಿದ್ದೆ.

ಜೂನಿನಲ್ಲಿ ಪುಸ್ತಕ ಬಂತು. ಅತ್ತೆಗೆ ಓದು ಬರದು. ಕೈ ಒರೆಸಿಕೊಂಡು ಬಂದು ಪುಸ್ತಕ ಹಿಡಿದು ಕೇಳಿದರು.

"ನಿನ್ನ ಹೆಸರ ಎಲ್ಲೈತಿ?"

ಒಂಬತ್ತನೆಯ ಪುಟ ತೆಗೆದು ಫೋಟೋದ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟೆ. "ಇಲ್ಲಿ."

ಅವರು ಆ ಅಕ್ಷರಗಳನ್ನು ಮೆಲ್ಲಗೆ ಸವರಿದರು. "ಆಕಿದು?"

"ಅದೂ ಇಲ್ಲೇ ಇದೆ ಅತ್ತೆ."

"ಇಬ್ಬರದೂ ಇಷ್ಟರಾಗ ಹಿಡೀತೇನು?"

"ಹಿಡೀತು," ಎಂದೆ. ಅವತ್ತು ನಾನು ಹೇಳಿದ್ದು ಸುಳ್ಳೋ ನಿಜವೋ, ನನಗೆ ಇವತ್ತಿಗೂ ತಿಳಿದಿಲ್ಲ.