ಮುಚ್ಚಿದ ಮಗ್ಗ

ಬಾಗಿಲಲ್ಲಿ ಗುರುತಿಲ್ಲದ ನೆರಳು ಬಿದ್ದರೆ ಮೊದಲು ಮಗ್ಗಕ್ಕೆ ದುಪ್ಪಟಿ ಹೊದಿಸಬೇಕು, ಮಾತು ಆಮೇಲೆ. ಮೊಳಕಾಲ್ಮೂರಿನ ಆ ನೇಕಾರರ ಓಣಿಯಲ್ಲಿ ಎಲ್ಲರೂ ಪಾಲಿಸುತ್ತಿದ್ದ ಕಟ್ಟಳೆ ಇದು. ಹಿಂದೊಮ್ಮೆ ನೀರು ಕೇಳಿಕೊಂಡು ಬಂದವನೊಬ್ಬ ಚೊಂಬನ್ನು ಬಾಯಿಗಿಟ್ಟು ಕಣ್ಣನ್ನು ಚಿತ್ತಮ್ಮನ ಮಗ್ಗದ ಮೇಲಿಟ್ಟಿದ್ದ. ಆಮೇಲೆ ಹೆಚ್ಚು ದಿನವಾಗಲಿಲ್ಲ, ಅವಳು ನೇಯುತ್ತಿದ್ದ ಸೆರಗಿನ ನವಿಲು ಚಳ್ಳಕೆರೆಯ ಅಂಗಡಿಯೊಂದರಲ್ಲಿ ಪವರ್‌ಲೂಮ್ ಸೀರೆಯ ಮೇಲೆ ಅಗ್ಗದ ಬೆಲೆಗೆ ಕೂತಿತ್ತು. ಅಂದಿನಿಂದ ಚಿತ್ತಮ್ಮನಿಗೆ ನೀರು ಕೇಳುವವರೆಲ್ಲ ಕಳ್ಳರೇ.

ಅಂಥದರಲ್ಲಿ, 2006ರ ಬೇಸಿಗೆಯ ಒಂದು ಮಧ್ಯಾಹ್ನ, ಇಸ್ತ್ರಿ ಅಂಗಿಯ ಮನುಷ್ಯನೊಬ್ಬ ಕೊರಳಿಗೆ ಪುಟ್ಟ ಕ್ಯಾಮೆರಾ ತೂಗಿಹಾಕಿಕೊಂಡು ಹೊಸ್ತಿಲ ಹೊರಗೆ ನಿಂತ. ಮನೆಯಲ್ಲಿ ಅವಳೊಬ್ಬಳೇ. ಗಂಡ ವೆಂಕಟಪ್ಪ ದೇವಸಮುದ್ರಕ್ಕೆ ಹೋಗಿದ್ದ, ಮಗ ಕೃಷ್ಣಕುಮಾರ ರೇಷ್ಮೆಗೆ ಬಣ್ಣ ಹಾಕಿಸಲು ಹೋಗಿದ್ದ. ಮಗ್ಗದ ಮೇಲೆ ಇದ್ದದ್ದು ಸಾಮಾನ್ಯ ಸೀರೆಯೇ ಆಗಿದ್ದರೆ ಅವಳು ಅಷ್ಟು ಗಾಬರಿಬೀಳುತ್ತಿರಲಿಲ್ಲ. ಅದರ ಅಂಚಿನಲ್ಲಿ ಈ ಸೀಮೆ ಕಾಣದ ಒಂದು ಎಲೆ ಇತ್ತು, ಮಗುವಿನ ಮುಚ್ಚಿದ ಮುಷ್ಟಿಯ ಹಾಗೆ ಸುರುಳಿ ಸುತ್ತಿಕೊಂಡ ಎಲೆ. ಸೊಸೆ ರಂಜಿತಾ ನ್ಯೂಜಿಲೆಂಡಿನಿಂದ ಬರೆದು ಕಳಿಸಿದ ಚಿತ್ರ. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಅವಳು ನರ್ಸು.

ಚಿತ್ತಮ್ಮ ದುಪ್ಪಟಿ ಎಳೆದು ಹೊದಿಸಿ, ಬಾಗಿಲಿಗೆ ಅಡ್ಡ ನಿಂತಳು.

"ಕೃಷ್ಣಕುಮಾರ್ ಅಂತ, ಈ ಮನೆಯವರೇನ್ರಮ್ಮ?"

"ಯಾವ ಕೃಷ್ಣಕುಮಾರ? ಅಂಥೋರು ಯಾರೂ ಇಲ್ಲ."

"ಅವರ ಹೆಂಡತಿ ರಂಜಿತಾ? ನಿಮ್ಮ ಸೊಸೆ ಅಲ್ವಾ?"

ಹೆಸರೂ ತಿಳ್ಕೊಂಡು ಬಂದವ್ನೆ ಖದೀಮ ಎಂದುಕೊಂಡಳು. "ನನಗೆ ಸೊಸೇನೇ ಇಲ್ಲ, ಹೋಗ್ರಿ."

ಆತ ಅವಳ ಭುಜದಾಚೆ ಇಣುಕಿದ. "ಆ ಬಟ್ಟೆ ಕೆಳಗೆ ಏನೈತಮ್ಮ?"

"ಹೆಣ," ಎಂದು ಚಿತ್ತಮ್ಮ ಬಾಗಿಲು ಹಾಕಿಕೊಂಡಳು.

ಕಿಟಕಿಯ ಸಂದಿಯಿಂದ ನೋಡಿದರೆ ಆತ ಎದುರುಮನೆಯ ಜಯಕ್ಕನನ್ನು ಮಾತಾಡಿಸುತ್ತಿದ್ದ. ಜಯಕ್ಕನೂ ತನ್ನ ಮಗ್ಗ ಮುಚ್ಚಿಯೇ ಬಂದಿದ್ದಳು. ಅವಳೂ ತಲೆ ಅಡ್ಡಡ್ಡ ಆಡಿಸಿದಳು. ಓಣಿ ತನ್ನನ್ನು ಕಾಪಾಡಿತು ಎಂದು ಚಿತ್ತಮ್ಮನಿಗೆ ಸಮಾಧಾನವಾಯಿತು.

ಸಂಜೆ ಕೃಷ್ಣಕುಮಾರ ಜಗಲಿಯ ಮೇಲೆ ಬಿದ್ದಿದ್ದ ಚೀಟಿ ಎತ್ತಿಕೊಂಡು ಓದಿದ. ಓದಿ ಅವ್ವನಿಗೂ ಹೇಳಿದ. ಬಂದವನ ಹೆಸರು ಓಂಕಾರಮೂರ್ತಿ. ರಂಜಿತಾ ತನಗೂ ಗಂಡನಿಗೂ ಸೇರಿಸಿ ಆ ದೇಶದಲ್ಲಿ ಕಾಯಂ ಆಗಿ ನೆಲೆಸಲು ಅರ್ಜಿ ಹಾಕಿದ್ದಳಲ್ಲ, ಈ ಮದುವೆ ನಿಜದ್ದೋ, ವೀಸಾಕ್ಕಾಗಿ ಮಾಡಿಕೊಂಡ ಬರೀ ಕಾಗದದ್ದೋ ಎಂದು ಅಲ್ಲಿನ ವೀಸಾ ಕಚೇರಿಯ ಪರವಾಗಿ ಹೇಳದೆ ಕೇಳದೆ ಬಂದು ನೋಡಿಹೋಗುವುದು ಆತನ ಕೆಲಸ. ಆತ ಒಪ್ಪದಿದ್ದರೆ ಅರ್ಜಿಯೇ ಬಿದ್ದುಹೋಗುತ್ತದೆ.

"ಕಳ್ಳ ಅಂದ್ಕೊಂಡೆ ಕಣಪ್ಪ," ಎಂದಳು ಚಿತ್ತಮ್ಮ.

ಮಗ ಚೀಟಿ ಮಡಚಿ ಜೇಬಿಗಿಟ್ಟ. "ಅವ್ವ, ನಿಜ ಹೇಳು. ಬೇಕಂತ್ಲೇ ಹಂಗಂದ್ಯಾ? ನಾನು ಹೋಗಬಾರದು ಅಂತ?"

ಮಗನ ಬಾಯಿಂದ ಬಿದ್ದ ಅನುಮಾನ ಅವಳೊಳಗೇ ಹೊಕ್ಕು ಕೂತಿತು. ಆ ಹೊತ್ತಿನಲ್ಲಿ, 'ಸೊಸೇನೇ ಇಲ್ಲ' ಅನ್ನುವಾಗ, ನಾಲಿಗೆಗೆ ಒಂಚೂರು ಸಿಹಿ ತಾಗಿತ್ತೇ? ಅವಳು ಹುಡುಗಿಯಾಗಿದ್ದಾಗ ಅಜ್ಜಿ ಒಬ್ಬ ರಾಣಿಯ ಕಥೆ ಹೇಳುತ್ತಿದ್ದಳು. ರಾಣಿಗೆ ಮಾತಾಡುವ ಗಿಳಿಯೊಂದಿತ್ತಂತೆ. ಯಾರ ಕಣ್ಣೂ ಬೀಳದಿರಲಿ ಎಂದು ಪಂಜರಕ್ಕೆ ಸದಾ ಬಟ್ಟೆ ಮುಚ್ಚಿಡುತ್ತಿದ್ದಳಂತೆ. ಕತ್ತಲಲ್ಲಿದ್ದೂ ಇದ್ದೂ ಗಿಳಿ ಮಾತು ಮರೆತುಬಿಟ್ಟಿತಂತೆ. ಆಗ ಚಿತ್ತಮ್ಮ ಗಿಳಿಗಾಗಿ ಅತ್ತಿದ್ದಳು. ರಾಣಿ ಯಾರು ಎಂದು ಯೋಚಿಸಿರಲಿಲ್ಲ.

ಮಾರನೆಯ ಬೆಳಿಗ್ಗೆ ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿದರೆ ಓಂಕಾರಮೂರ್ತಿ ನಕ್ಕ. "ನಿನ್ನೆ ಇಲ್ಲದ ಮಗ ಇವತ್ತು ಹುಟ್ಟಿದ್ನೇನ್ರಿ?" ಎಂದು ಕೇಳಿದ ಆತ, ಚಳ್ಳಕೆರೆಯಲ್ಲಿ ಇನ್ನೊಂದು ಮನೆ ನೋಡುವುದಿದೆ, ಬೇಕಾದರೆ ಅಲ್ಲಿನ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಬನ್ನಿ ಎಂದ.

ಬಸ್ಸಿನಲ್ಲಿ ಮಗ ಪಾಠ ಹೇಳಿಕೊಟ್ಟ. "ಒಳ್ಳೇದು ಮಾತ್ರ ಹೇಳವ್ವ. ಸೊಸೆ ಬಂಗಾರ ಅನ್ನು. ಜಗಳಗಿಗಳ ಅನ್ನಬೇಡ."

"ಹೂಂ," ಎಂದಳು. ಕಿಟಕಿಯಾಚೆ ಬೋಳು ಗುಡ್ಡಗಳು ಹಿಂದೆ ಸರಿಯುತ್ತಿದ್ದವು.

ಓಂಕಾರಮೂರ್ತಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದ. ಮಗನನ್ನು ಹೊರಗೆ ನಿಲ್ಲಲು ಹೇಳಿ, ಅವಳನ್ನು ಎದುರಿಗೆ ಕೂರಿಸಿಕೊಂಡ.

"ನಿನ್ನೆ ಯಾಕಮ್ಮ ಸುಳ್ಳು ಹೇಳಿದ್ರಿ?"

"ಡಿಸೈನ್ ಕದಿಯಾಕ್ ಬಂದಿದೀರ ಅಂದ್ಕೊಂಡೆ ಸಾಮಿ."

"ಎದುರುಮನೆಯವರೂ ಹಂಗೇ ಅಂದ್ಕೊಂಡ್ರಾ?"

"ಇಡೀ ಓಣಿ ಹಂಗೇ ಅಂದ್ಕೊಂತೈತೆ."

ಆತ ನಂಬಲಿಲ್ಲ ಎಂಬುದು ಮಿರ್ಚಿ ಮುರಿದ ರೀತಿಯಲ್ಲೇ ತಿಳಿಯುತ್ತಿತ್ತು. "ಸರಿ. ಸೊಸೆ ಹೆಂಗೆ?"

"ಬಂಗಾರ."

"ಜಗಳ?"

"ಒಂದಿನಾನೂ ಇಲ್ಲ."

"ಮಗಳಿದ್ದಂಗೆ ಅನ್ನಿ."

"ಹೂಂ, ಮಗಳಿದ್ದಂಗೆ."

ಆತ ಪೆನ್ನಿನ ಮುಚ್ಚಳ ಹಾಕಿದ. "ಅಮ್ಮಾ, ಇಂಥ ಮನೆ ಎಷ್ಟೋ ನೋಡಿದೀನಿ. ಕಾಗದದ ಮದುವೆ ಮಾಡ್ಕೊಂಡವರೆಲ್ಲ ಹಿಂಗೇ ಹೇಳೋದು. ಎಲ್ಲರ ಸೊಸೇನೂ ಬಂಗಾರಾನೇ. ಹೋಗ್ಬನ್ನಿ, ಬಸ್ಸು ತಪ್ಪುತ್ತೆ."

ಚಿತ್ತಮ್ಮ ಎದ್ದಳು. ಬಾಗಿಲಾಚೆ ಕೃಷ್ಣಕುಮಾರ, ನೆರಳು ಎರಡೇ ಹೆಜ್ಜೆಯಲ್ಲಿದ್ದರೂ, ಬಿಸಿಲಲ್ಲೇ ನಿಂತಿದ್ದ. ಈಗ ಸುಮ್ಮನೆ ಹೊರಗೆ ಹೋದರೆ ಸಾಕಿತ್ತು. ಮಗ ಮನೆಯಲ್ಲೇ ಉಳಿಯುತ್ತಾನೆ; ಅವನು ಹೇಳಿಕೊಟ್ಟದ್ದನ್ನೇ ತಾನು ಹೇಳಿದ್ದು, ತಪ್ಪು ಯಾರದೂ ಅಲ್ಲ. ದುಪ್ಪಟಿ ಎಳೆದಷ್ಟೇ ಸುಲಭ.

ಅವಳು ಮತ್ತೆ ಕೂತಳು.

"ಒಂದ್ ಸಲ ಆಗಿತ್ತು," ಎಂದಳು.

"ಏನು?"

"ಜಗಳ. ಸಾರಿಗೆ ಬೆಲ್ಲ ಹಾಕಾಕಿಲ್ಲ ಅವಳು. ನಮ್ಮನೇಲಿ ನನ್ನತ್ತೆ ಕಾಲದಿಂದ ಹಾಕ್ತೀವಿ. ಸಕ್ಕರೆ ಕಾಯಿಲೆ ಬರ್ತೈತೆ ಅತ್ತಮ್ಮ ಅಂತಾಳೆ. ಯಾರಿಗೆ ಬಂದೈತೆ? ಅವರಪ್ಪನಿಗೆ ಬಂದೈತೆ, ನಮ್ಮನೇಲಿ ಯಾರಿಗೂ ಇಲ್ಲ."

ಅವಳು ನಿಲ್ಲಿಸಲಿಲ್ಲ.

"ರಜಕ್ಕೆ ಬಂದಾಗ ಏನ್ ಮಾಡಿದ್ಲು ಗೊತ್ತಾ? ಇವನ ತಲೆಗೂದಲು ಅವಳೇ ಕತ್ತರಿಸಿದ್ಲು, ನಡುಮನೇಲಿ ಕೂರಿಸ್ಕೊಂಡು. ಇಡೀ ಓಣಿ ನೋಡ್ತು. ಇವನೋ, ಕುರಿಮರಿ ಹಂಗೆ ತಲೆ ಕೊಟ್ಕೊಂಡು ನಗ್ತಾವ್ನೆ. ಭಾನುವಾರ ಫೋನ್ ಬಂತೋ, ಮಾಳಿಗೆ ಹತ್ತಿದ ಅಂತಾನೇ. ಊಟ ಆರಿ ತಂಗಳಾಗ್ತೈತೆ. ಕೊನೇಗೆ ನನ್ನ ಕೈಗೆ ಕೊಡ್ತಾನೆ, 'ಚೆನ್ನಾಗಿದೀರಾ ಅತ್ತಮ್ಮ' ಅಂತಾಳೆ, ಕಟ್. ನನಗೆ ಕಾಲುಚೀಲ ಕಳಿಸವ್ಳೆ ಸಾಮಿ, ಕಾಲುಚೀಲ, ಈ ಮೊಳಕಾಲ್ಮೂರ ಬಿಸಿಲಿಗೆ. ಹಿಮ್ಮಡಿ ಒಡೆದೈತಲ್ಲ ಅಂತ."

"ಹಾಕ್ಕೊಂತೀರಾ?"

ಚಿತ್ತಮ್ಮ ಸೀರೆಯ ನಿರಿಗೆಯನ್ನು ಒಂಚೂರು ಎತ್ತಿದಳು. ಬೂದು ಬಣ್ಣದ ಉಣ್ಣೆಯ ಕಾಲುಚೀಲ, ಅದರ ಮೇಲೆ ಹವಾಯಿ ಚಪ್ಪಲಿ.

ಓಂಕಾರಮೂರ್ತಿ ತಟ್ಟೆ ಪಕ್ಕಕ್ಕೆ ಸರಿಸಿದ. ಪೆನ್ನಿನ ಮುಚ್ಚಳ ತೆಗೆದ. "ಇಲ್ಲಿದ್ದಾಗ ಗಂಡ ಹೆಂಡ್ತಿ ಎಲ್ಲಿ ಮಲಗ್ತಿದ್ರು?"

"ಇನ್ನೆಲ್ಲಿ? ಮಗ್ಗದ ಪಕ್ಕ ಚಾಪೆ. ಬೆಳಿಗ್ಗೆ ನೇಯಬೇಕು, ಒಳಗೆ ಹೋಗಂಗಿಲ್ಲ, ಕೂಗಾಕ್ ನಾಚಿಕೆ. ಹೊರಗೆ ಬಿಂದಿಗೆ ಕುಕ್ಕಿ ಸದ್ದು ಮಾಡ್ತಿದ್ದೆ. ಮೂರು ಬಿಂದಿಗೆ ಸೊಟ್ಟಗಾದ್ವು, ಅವರು ಏಳಲಿಲ್ಲ."

ಆತ ನಗು ತಡೆಯಲಾರದೆ ಕೆಮ್ಮಿದ. "ಸಾಕಮ್ಮ."

"ಇನ್ನೂ ಐತೆ."

"ಸಾಕು. ಹೋಗಿ, ಮಗನ್ನ ನೆರಳಿಗೆ ಕರೀರಿ."

ಮರಳಿ ಬರುವಾಗ ಕೃಷ್ಣಕುಮಾರ ಏನು ಹೇಳಿದೆ ಎಂದು ಕೇಳಿದ. "ಬಂಗಾರ ಅಂದೆ," ಎಂದಳು. ಅವನು ಓರೆಗಣ್ಣಿನಲ್ಲಿ ನೋಡಿದ, ನಂಬಲಿಲ್ಲ.

ಮಳೆ ಕಳೆದು ಚಳಿ ಕಾಲಿಟ್ಟ ಹೊತ್ತಿಗೆ ಒಪ್ಪಿಗೆ ಬಂತು. ಭಾನುವಾರವಲ್ಲದ ದಿನ ಫೋನು ಬಂದದ್ದು ಅದೇ ಮೊದಲು, ಮತ್ತು ರಂಜಿತಾ ಮೊದಲು ಕೇಳಿದ್ದು ಚಿತ್ತಮ್ಮನನ್ನೇ. "ಅತ್ತಮ್ಮ, ಇಬ್ಬರಿಗೂ ಆಯ್ತು. ಆ ಸಾರ್ ಹತ್ರ ಏನ್ ಹೇಳಿದ್ರಿ?"

"ಯಾಕೆ? ಏನಂದ ಅವನು?"

"ಏನೂ ಇಲ್ಲ. ಸುಮ್ನೆ ಕೇಳ್ದೆ."

ಆ 'ಸುಮ್ನೆ'ಯಲ್ಲಿ ನಗು ಅಡಗಿತ್ತು. ಆ ಮನುಷ್ಯ ಎಲ್ಲವನ್ನೂ ಬರೆದುಬಿಟ್ಟಿದ್ದಾನೆ, ಬೆಲ್ಲ, ಬಿಂದಿಗೆ, ಎಲ್ಲ, ಎಂಬ ಅನುಮಾನ ಚಿತ್ತಮ್ಮನನ್ನು ಇಡೀ ದಿನ ಕಾಡಿತು.

ಸುರುಳಿ ಎಲೆಯ ಸೀರೆ ಮಗ್ಗದಿಂದ ಇಳಿದು ಮಗನ ಸೂಟ್‌ಕೇಸಿನ ತಳ ಸೇರಿತು. ಬೆಂಗಳೂರು ಬಸ್ಸಿಗಾಗಿ ಎಲ್ಲರೂ ಚಳ್ಳಕೆರೆಗೆ ಬಂದರು. ಹತ್ತುವ ಮುಂಚೆ ಕೃಷ್ಣಕುಮಾರ ಬಗ್ಗಿ ಅವ್ವನ ಕಾಲು ಮುಟ್ಟಿದ. ಕಾಲುಚೀಲ ಕಂಡು ಅಲ್ಲೇ ಒಂದು ಗಳಿಗೆ ನಿಂತ.

"ಅವತ್ತು ಕೇಳಿದ್ಯಲ್ಲ," ಎಂದಳು ಚಿತ್ತಮ್ಮ, ಅವನಿಗಷ್ಟೇ ಕೇಳುವಂತೆ. "ಬೇಕಂತ್ಲೇ ಅಂದ್ಯಾ ಅಂತ. ನನಗೂ ಗೊತ್ತಿಲ್ಲ ಕಣಪ್ಪ. ಎರಡನೇ ಸಲ, ಆ ಹೋಟ್ಲಾಗೆ, ಹೇಳಿದ್ದು ಮಾತ್ರ ಬೇಕಂತ್ಲೇ."

ಬಸ್ಸು ಹೋಯಿತು. ವೆಂಕಟಪ್ಪ ಮೊಳಕಾಲ್ಮೂರು ಬಸ್ಸಿನ ಕಡೆ ತಿರುಗಿದರೆ ಚಿತ್ತಮ್ಮ ಅಂಗಡಿ ಬೀದಿಯ ಕಡೆ ನಡೆದಳು. ಒಂದೊಂದು ಸೀರೆ ಅಂಗಡಿಯ ಗಾಜಿನ ಮುಂದೆಯೂ ನಿಂತು, ಕಣ್ಣು ಕಿರಿದು ಮಾಡಿ, ಅಂಚುಗಳನ್ನು ನೋಡುತ್ತ ಹೋದಳು.

"ಏನ್ ಹುಡುಕ್ತಿದೀಯಾ?" ಎಂದ ವೆಂಕಟಪ್ಪ.

"ಅವತ್ತು ಬಂದವನ ಕೊರಳಾಗೆ ಕ್ಯಾಮೆರಾ ಇತ್ತು," ಎಂದಳು ಚಿತ್ತಮ್ಮ. "ದುಪ್ಪಟಿ ಅಂಚು ಒಂಚೂರು ಸರಿದಿತ್ತು ಅಂತ ನನಗೊಂದ್ ಗುಮಾನಿ."